ಮಂಗಳೂರಿನ ಕಾಮಿಕ್ಸ್ ಮೇಳ: ಯಾರಿಗೆ ಎಂತ ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು?

ಅಟ್ಟದ ಪೆಟ್ಟಿಗೆ (ಉಡುಪಿ) | ಭಾನುವಾರ ರಾತ್ರಿ 9.12

ಶನಿವಾರ, ಭಾನುವಾರ ಹಂಪನಕಟ್ಟೆ ಹತ್ತಿರದ ಹಾಲ್‌ನಲ್ಲಿ ನಡೆದ ಕಾಮಿಕ್ಸ್ ಮೇಳಕ್ಕೆ ಹೋದವರೆಲ್ಲ ಇಲ್ಲಿ ಲೆಕ್ಕ ಒಪ್ಪಿಸಿ. ಷರತ್ತು ಒಂದೇ, ಅಗ್ಗಕ್ಕೆ ಸಿಕ್ಕಿದ್ದು ಮಾತ್ರ. ಮೂರು ಸಾವಿರ ಕೊಟ್ಟು ಬ್ಯಾಟ್‌ಮ್ಯಾನ್ ಗೊಂಬೆ ತಂದವರಿಗೆ ಅಭಿನಂದನೆ, ಆದರೆ ಅದು ಇಲ್ಲಿ ಬೇಡ.

ಬಾಗಿಲ ಹತ್ತಿರದ ದೊಡ್ಡ ಸ್ಟಾಲ್‌ಗಳ ಕಡೆ ನಾನು ಹೋಗಲೇ ಇಲ್ಲ. ಎಲ್ಲ ಪ್ಲಾಸ್ಟಿಕ್ ಕವರಿನ ಒಳಗೆ, ಎಲ್ಲದಕ್ಕೂ ಸ್ಟಿಕ್ಕರ್. ಸೀದಾ ಕೊನೆಯ ಸಾಲಿಗೆ ಹೋದೆ. ಅಲ್ಲಿ ಹಳೆ ಪುಸ್ತಕದವರೊಬ್ಬರು ರಟ್ಟಿನ ಪೆಟ್ಟಿಗೆಗಳನ್ನು ನೆಲದ ಮೇಲೆಯೇ ಇಟ್ಟಿದ್ದರು. ಒಂದರ ಮೇಲೆ 20, ಇನ್ನೊಂದರ ಮೇಲೆ 50 ಅಂತ ಮಾರ್ಕರಿನಲ್ಲಿ ಬರೆದಿತ್ತು. ಆ ಸೆಕೆಯಲ್ಲಿ ಅಲ್ಲೇ ಕೂತವನು ಎದ್ದದ್ದು ಊಟದ ಹೊತ್ತಿಗೆ.

20ರ ಪೆಟ್ಟಿಗೆಯಲ್ಲಿ ಕನ್ನಡದ ಅಮರ ಚಿತ್ರಕಥೆ ಒಂದು ಕಟ್ಟು ಸಿಕ್ಕಿತು. ಬೆನ್ನಿಗೆ ಸೆಲ್ಲೋ ಟೇಪು, ಮುಖಪುಟದಲ್ಲಿ ಯಾವುದೋ ಲೈಬ್ರರಿಯ ನೇರಳೆ ಸೀಲು, ಒಳಗೆ ಮಾತ್ರ ಬಣ್ಣ ಚೆನ್ನಾಗಿದೆ. ಅದೇ ಪೆಟ್ಟಿಗೆಯಲ್ಲಿ ಇಂಗ್ಲಿಷಿನ 'ಕೃಷ್ಣ' ಎರಡು ಪ್ರತಿ, ನೋಡಲು ಒಂದಕ್ಕೊಂದು ಸ್ವಲ್ಪ ಬೇರೆ. 50ರ ಪೆಟ್ಟಿಗೆಯಲ್ಲಿ ಗೋಥಮ್ ಕಾಮಿಕ್ಸ್‌ನವರ 'ಸ್ಪೈಡರ್‌ಮ್ಯಾನ್ ಇಂಡಿಯಾ' ಒಂದನೇ ಸಂಚಿಕೆ! ಕೈ ನಡುಗಿತು, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಬೈಂಡ್ ಮಾಡಿಸಿದ ಚಂದಮಾಮ ಒಂದು ಸಂಪುಟ 150ಕ್ಕೆ. ಕೊನೆಗೆ ಮುಖಪುಟವೇ ಇಲ್ಲದ ಒಂದು ಫ್ಯಾಂಟಮ್ ಕಾಮಿಕ್ಸ್, "ಇದನ್ನು ಹಾಗೇ ಇಟ್ಟುಕೊಳ್ಳಿ" ಅಂತ ಪುಕ್ಕಟೆ ಕೊಟ್ಟರು.

ಎರಡು ಪ್ರಶ್ನೆ ಉಂಟು. ಎರಡು 'ಕೃಷ್ಣ'ದಲ್ಲಿ ಹಳೆಯದು ಯಾವುದು ಅಂತ ತಿಳಿಯುವುದು ಹೇಗೆ? ಮುಖಪುಟ ಇಲ್ಲದ ಫ್ಯಾಂಟಮ್ ಯಾರು ಛಾಪಿಸಿದ್ದು ಅಂತ ಹೇಳಲು ಆಗುತ್ತದಾ?

ಹಾಲ್‌ಟಿಕೆಟ್ (ಮಂಗಳೂರು) | 9.20

ಸ್ಪೈಡರ್‌ಮ್ಯಾನ್ ಇಂಡಿಯಾ 50ಕ್ಕಾ?! ಅದೇ ಪೆಟ್ಟಿಗೆಯನ್ನು ನಾನು ಶನಿವಾರ ಸಂಜೆ ನೋಡಿದ್ದೆ ಅಣ್ಣ. ಮೇಲಿನ ಅರ್ಧ ಮಾತ್ರ ನೋಡಿದ್ದೆ ಅಂತ ಈಗ ಅನ್ನಿಸುತ್ತಿದೆ.

ಗುಜರಿ ಗುರು (ಮಂಗಳೂರು) | 9.31

ಪೆಟ್ಟಿಗೆಯ ಒಳ್ಳೆ ಮಾಲು ಯಾವತ್ತೂ ತಳದಲ್ಲಿ ಇರುತ್ತದೆ ಮಾರಾಯ್ರೆ. ಮನೆ ಖಾಲಿ ಮಾಡುವವರು ಅಟ್ಟದಿಂದ ಇಳಿಸುವಾಗ ಹಳೆಯದನ್ನು ಮೊದಲು ತುಂಬಿಸುತ್ತಾರೆ, ಹೊಸದು ಮೇಲೆ ಬೀಳುತ್ತದೆ. ಗುಜರಿಯವರು ತೂಕಕ್ಕೆ ತಂದದ್ದನ್ನು ಹಾಗೇ ಮೇಳಕ್ಕೆ ತರುತ್ತಾರೆ. ಬೇರೆ ಬೇರೆ ಮಾಡುವ ಪುರುಸೊತ್ತು ಅವರಿಗೆ ಎಲ್ಲಿಯದು?

ಪೆಟ್ಟಿಗೆ ಇಟ್ಟು ಮಾರಿದವರಿಗೆ ಆ ಸ್ಪೈಡರ್‌ಮ್ಯಾನ್ ಸಂಚಿಕೆಯ ಬೆಲೆ ಗೊತ್ತಿರಲಿಲ್ಲ ಅನ್ನುವುದು ಸ್ಪಷ್ಟ. 2004ರಲ್ಲಿ ಬಂದಾಗ ನಮ್ಮಲ್ಲಿ ಅದಕ್ಕೆ ಅಂಥ ಗೌರವ ಇರಲಿಲ್ಲ. ಧೋತರ ಉಟ್ಟ ಸ್ಪೈಡರ್‌ಮ್ಯಾನ್ ಅಂತ ನಗಾಡಿದವರೇ ಜಾಸ್ತಿ. ಪೀಟರ್ ಪಾರ್ಕರ್ ಬದಲಿಗೆ ಪವಿತ್ರ್ ಪ್ರಭಾಕರ್, ನ್ಯೂಯಾರ್ಕ್ ಬದಲಿಗೆ ಮುಂಬೈ. ಜೇಡ ಕಚ್ಚುವುದಿಲ್ಲ, ಯೋಗಿಯೊಬ್ಬ ಶಕ್ತಿ ಕೊಡುತ್ತಾನೆ. ಅಲ್ಲಿನ ಖಳ ಗ್ರೀನ್ ಗಾಬ್ಲಿನ್ ಇಲ್ಲಿ ರಾಕ್ಷಸ. ಚಿತ್ರ ಜೀವನ್ ಕಾಂಗ್ ಅವರದ್ದು. ನಾಲ್ಕೇ ಸಂಚಿಕೆ. 2023ರಲ್ಲಿ ಸ್ಪೈಡರ್‌ವರ್ಸ್‌ನ ಎರಡನೇ ಸಿನಿಮಾದಲ್ಲಿ ಪವಿತ್ರ್ ಬಂದ ಮೇಲೆ ನಗಾಡಿದವರೇ ಹುಡುಕಲು ಶುರು ಮಾಡಿದರು. ಹಿಂದಿಯಲ್ಲೂ ಪಂಜಾಬಿಯಲ್ಲೂ ಶುಭಮನ್ ಗಿಲ್ ದನಿ ಕೊಟ್ಟದ್ದಕ್ಕೆ ಕ್ರಿಕೆಟ್‌ನವರೂ ಸೇರಿಕೊಂಡರು.

ಅಮೆರಿಕದಲ್ಲಿ ಸ್ಪೈಡರ್‌ಮ್ಯಾನ್‌ನ ಮೂಲ ಪ್ರಕಾಶಕರಾದ ಮಾರ್ವೆಲ್‌ನವರೇ ಇದನ್ನು ಬೇರೆಯಾಗಿ ತಂದಿದ್ದಾರೆ, ಹಾಗಾಗಿ ಎರಡು ಬಗೆಯ ಪ್ರತಿ ಇವೆ. ನಿಮ್ಮದರ ಮೇಲೆ ಬೆಲೆ ರೂಪಾಯಿಯಲ್ಲಿ ಉಂಟಾ, ಡಾಲರಿನಲ್ಲಿ ಉಂಟಾ ನೋಡಿ.

ಅಟ್ಟದ ಪೆಟ್ಟಿಗೆ | 9.38

ರೂಪಾಯಿ. ಒಂದು ಮೂಲೆ ಮಡಚಿದೆ, ಮತ್ತೆಲ್ಲ ಸರಿ ಇದೆ.

ಕಾರ್ಕಳದ ಕಲ್ಲು | 9.55

'ಕೃಷ್ಣ'ದ ವಿಷಯ ನನಗೆ ಬಿಡಿ, ನಮ್ಮೂರಿನ ಲೆಕ್ಕ ಅದು.

ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17. ಅಮರ ಚಿತ್ರಕಥೆ ಶುರು ಮಾಡಿದ್ದು 1967ರಲ್ಲಿ, ಛಾಪಿಸಿದವರು ಇಂಡಿಯಾ ಬುಕ್ ಹೌಸ್. ಇಂಗ್ಲಿಷ್ 'ಕೃಷ್ಣ'ದ ಸಂಖ್ಯೆ 11. ಮೊದಲನೆಯ ದೇವರ ಕಥೆಗೆ 11 ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಸಿಂಡ್ರೆಲ್ಲಾ, ಅಲ್ಲಾದೀನ್, ಪಿನೋಕಿಯೋ ತರಹದ ಪರದೇಶದ ಕಥೆಗಳಿಗೆ ಹೋಗಿದ್ದವು. ಅವು ಕನ್ನಡದಲ್ಲೂ ಬಂದಿದ್ದವು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ನಿಮ್ಮ ಎರಡು ಪ್ರತಿ. ಒಂದರ ಮೇಲೆ 11, ಇನ್ನೊಂದರ ಮೇಲೆ 501 ಅಂತ ಇದ್ದರೆ 501ರದ್ದು ಆಮೇಲಿನ ಮುದ್ರಣ. ದಪ್ಪ ಮುಖಪುಟದ ಡಿಲಕ್ಸ್ ಪ್ರತಿಗಳಿಗೆ ಹೊಸದಾಗಿ 501ರಿಂದ ಸಂಖ್ಯೆ ಕೊಟ್ಟರು. 11 ಅಂತ ಇದ್ದ ಮಾತ್ರಕ್ಕೆ ಮೊದಲ ಮುದ್ರಣ ಅಂತ ಕುಣಿಯಬೇಡಿ. 'ಕೃಷ್ಣ' ಎಷ್ಟೋ ಸಲ ಮರುಮುದ್ರಣ ಆಗಿದೆ. ಮುಖಪುಟದ ಬೆಲೆ ನೋಡಿ. ಕಡಿಮೆ ಬೆಲೆ ಇದ್ದಷ್ಟೂ ಹಳೆಯದು. ಇನ್ನೊಂದು ಸುಲಭದ ಗುರುತು, ಪ್ರಕಾಶಕರ ಹೆಸರು. 2007ರಲ್ಲಿ ಅಮರ ಚಿತ್ರಕಥೆ ಇಂಡಿಯಾ ಬುಕ್ ಹೌಸ್ ಕೈಯಿಂದ ಎಸಿಕೆ ಮೀಡಿಯಾ ಕೈಗೆ ಹೋಯಿತು. ಎಸಿಕೆ ಹೆಸರು ಕಂಡರೆ ಅದು ಹೊಸದು, ಎಷ್ಟೇ ಹಳದಿಯಾಗಿರಲಿ. ನಮ್ಮ ಕರಾವಳಿಯ ತೇವಕ್ಕೆ ಹೊಸ ಪುಸ್ತಕವೂ ಬೇಗ ಹಳದಿಯಾಗುತ್ತದೆ. ಬಣ್ಣ ನೋಡಿ ವಯಸ್ಸು ಹೇಳುವವರ ಮಾತು ನಂಬಬೇಡಿ.

'ಕೃಷ್ಣ'ದ ಚಿತ್ರ ರಾಮ್ ವಾಯೀರ್ಕರ್ ಅವರದ್ದು. ಆಮೇಲೆ ಮಕ್ಕಳ ಪತ್ರಿಕೆ ಟಿಂಕಲ್‌ನಲ್ಲಿ ಪೆದ್ದ ಸುಪ್ಪಾಂಡಿಯ ಚಿತ್ರ ಬರೆದದ್ದೂ ಅವರೇ. ಬೆಣ್ಣೆ ಕೃಷ್ಣನ ಮುಖವನ್ನೂ ಸುಪ್ಪಾಂಡಿಯ ಮುಖವನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಒಂದೇ ಕೈ ಅಂತ ನಂಬಲು ಕಷ್ಟ.

ಅಟ್ಟದ ಪೆಟ್ಟಿಗೆ | 10.02

ಒಂದು 11, ಒಂದು 501! ಥ್ಯಾಂಕ್ಸ್. 11ರದ್ದನ್ನು ಈಗಲೇ ಬೇರೆ ಇಟ್ಟೆ.

ಮುಲ್ಕಿ ಮಾಮ | 10.10

ಫ್ಯಾಂಟಮ್ ಇರುವ ಊರಿನ ಹೆಸರು ಪುಸ್ತಕದಲ್ಲಿ ಎಂತ ಅಂತ ಉಂಟು?

ಅಟ್ಟದ ಪೆಟ್ಟಿಗೆ | 10.14

ಡೆಂಕಾಲಿ ಅಂತ ಇದೆ ಮಾಮ.

ಮುಲ್ಕಿ ಮಾಮ | 10.29

ಹಾಗಾದರೆ ಇಂದ್ರಜಾಲ ಕಾಮಿಕ್ಸ್‌ನವರದ್ದು. ಲೀ ಫಾಕ್ ಬರೆದ ಮೂಲದಲ್ಲಿ ಆ ಕಾಡು ಬಂಗಾಲ್ಲಾ. ಅದು ನಮ್ಮ ಬಂಗಾಳದ ಹೆಸರಿನ ಹಾಗೆ ಕೇಳಿಸುತ್ತದಲ್ಲ, ಅದಕ್ಕೆ ಇಂದ್ರಜಾಲದವರು ಡೆಂಕಾಲಿ ಮಾಡಿದರು. ಕಡಲ್ಗಳ್ಳರ ಸಿಂಗ್ ಪಂಗಡವನ್ನೂ ಸಿಂಗಾ ಮಾಡಿದರು. ಯಾರ ಮನಸ್ಸಿಗೂ ನೋವಾಗಬಾರದು ಅಂತ ಆ ಕಾಲದಲ್ಲೇ ಅಷ್ಟು ಎಚ್ಚರ ಇತ್ತು ನೋಡಿ.

ಇಂದ್ರಜಾಲ ಶುರುವಾದದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾದವರಿಂದ. ಮೊದಲ ಸಂಚಿಕೆ ಫ್ಯಾಂಟಮ್‌ನ ಬೆಲ್ಟಿನ ಕಥೆ, ಬೆಲೆ 60 ಪೈಸೆ. ಅನಂತ ಪೈ ಅವರು ಆಗ ಅಲ್ಲೇ ಕೆಲಸದಲ್ಲಿದ್ದರು. ಅಂದರೆ ಕಾರ್ಕಳದವರು ಹಾರಿಕೊಳ್ಳಲು ಇನ್ನೊಂದು ಕಾರಣ. 1990ರಲ್ಲಿ ನಿಂತಿತು, ಒಟ್ಟು 803 ಸಂಚಿಕೆ. 443ರವರೆಗೆ ನೇರ ಸಂಖ್ಯೆ, ಆಮೇಲೆ ಸಂಪುಟ, ಸಂಚಿಕೆ ಅಂತ ಬೇರೆ ಲೆಕ್ಕ. "ನನ್ನ ಹತ್ತಿರ 600ನೇ ಇಂದ್ರಜಾಲ ಉಂಟು" ಅನ್ನುವವರಿಗೆ "ಮುಖಪುಟದ ಮೇಲೆ ಹಾಗೆ ಬರೆದಿದೆಯಾ" ಅಂತ ಕೇಳಿ.

ಮುಖಪುಟ ಹೋದದ್ದು ನಿಜಕ್ಕೂ ಲುಕ್ಸಾನು. ಮೊದಮೊದಲ ಮುಖಪುಟಗಳನ್ನು ಬಿ. ಗೋವಿಂದ್ ಬರೆದಿದ್ದಾರೆ. ಒಳಗಿನ ಚಿತ್ರ ಅಮೆರಿಕದವರದ್ದಾದರೂ ಹೊರಗಿನ ಚಿತ್ರ ನಮ್ಮವರದ್ದು. ಅವರೇ ಆಮೇಲೆ ಆಬಿದ್ ಸೂರ್ತಿ ಅವರ 'ಬಹಾದ್ದೂರ್'ಗೂ ಚಿತ್ರ ಬರೆದರು, 1976ರಲ್ಲಿ. ಜೀನ್ಸ್ ಮೇಲೆ ಕುರ್ತಾ ಹಾಕಿಕೊಂಡು ಡಕಾಯಿತರ ಹಿಂದೆ ಓಡುವ ಹೀರೋ. ಆಗ ನಮ್ಮ ಕಾಲೇಜಿನಲ್ಲಿ ಅರ್ಧ ಹುಡುಗರ ಡ್ರೆಸ್ ಅದೇ ಇತ್ತು.

ಬೀಚ್ ರೋಡ್ ಡೀಲ್ಸ್ (ಸುರತ್ಕಲ್) | 10.41

ನನ್ನ ಲೆಕ್ಕ. 50ರ ಪೆಟ್ಟಿಗೆಯಿಂದ ಅಮೆರಿಕದ ಕಾಮಿಕ್ಸ್ ಒಂದು ರಾಶಿ, ಒಟ್ಟಿಗೆ ತಗೊಂಡದ್ದಕ್ಕೆ ತಲಾ 35ಕ್ಕೆ ಬಿಟ್ಟರು. ಅದರಲ್ಲಿ 1991ರ 'ಎಕ್ಸ್‌ಮೆನ್' ಒಂದನೇ ಸಂಚಿಕೆ ಉಂಟು. ಕಪ್ಪು ಕವರಿನಲ್ಲಿ ಸೀಲ್ ಆಗಿರುವ 'ಸೂಪರ್‌ಮ್ಯಾನ್' 75 ಕೂಡ ಉಂಟು, ಸೂಪರ್‌ಮ್ಯಾನ್ ಸಾಯುವ ಸಂಚಿಕೆ. 'ಹಲ್ಕ್' 181 ಸಹ ಉಂಟು! ವುಲ್ವರಿನ್ ಪೂರ್ತಿಯಾಗಿ ಬರುವ ಮೊದಲ ಸಂಚಿಕೆ. 25 ಸೆಂಟ್ಸ್ ಅಂತ ಬೆಲೆ ಅಚ್ಚಾಗಿದೆ. ಇದೆಲ್ಲ ಸೇರಿ ಒಂದು ಬೈಕ್ ಬರುತ್ತದೆ ಅನ್ನಿಸುತ್ತದೆ.

ಗುಜರಿ ಗುರು | 10.58

ಬೈಕ್‌ಗೆ ಮುಂಗಡ ಕೊಡಬೇಡಿ ಆಯ್ತಾ.

'ಎಕ್ಸ್‌ಮೆನ್' ಒಂದನೇ ಸಂಚಿಕೆ 80 ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋಗಿದೆ. ಕಾಮಿಕ್ಸ್ ಚರಿತ್ರೆಯಲ್ಲೇ ಅತಿ ಹೆಚ್ಚು ಮಾರಾಟವಾದ ಸಂಚಿಕೆ ಅಂತ ಗಿನ್ನೆಸ್ ದಾಖಲೆ ಉಂಟು. ಐದು ಬೇರೆ ಬೇರೆ ಮುಖಪುಟ ಮಾಡಿ ಒಬ್ಬೊಬ್ಬರಿಗೂ ಐದೈದು ಮಾರಿದರು. ಆಗ ಎಲ್ಲರೂ ನಿಮ್ಮ ಹಾಗೆಯೇ ಯೋಚಿಸಿದರು. ಇದು ಮುಂದೆ ಬೆಲೆ ಬಾಳುತ್ತದೆ ಅಂತ ಜೋಪಾನವಾಗಿ ಇಟ್ಟರು. ಎಲ್ಲರ ಮನೆಯಲ್ಲೂ ಜೋಪಾನವಾಗಿ ಇರುವ ವಸ್ತುವಿಗೆ ಯಾರು ದುಡ್ಡು ಕೊಡುತ್ತಾರೆ? 'ಸೂಪರ್‌ಮ್ಯಾನ್' 75ರದ್ದೂ ಅದೇ ಕಥೆ. 1992ರ ನವೆಂಬರ್‌ನಲ್ಲಿ ಜನ ಸಾಲು ನಿಂತು ತಗೊಂಡರು. ಕವರ್ ಒಡೆಯದೆ ಇಟ್ಟವರು ಇವತ್ತಿಗೂ ಲಕ್ಷಗಟ್ಟಲೆ ಇದ್ದಾರೆ. 35 ರೂಪಾಯಿಗೆ ಓದಲು ಒಳ್ಳೆಯ ವ್ಯಾಪಾರ, ಅಷ್ಟೇ.

'ಹಲ್ಕ್' 181 ನಿಜವಾದದ್ದಾದರೆ ಬೇರೆ ಮಾತು. ಅದು 1974ರದ್ದು. ಆದರೆ ಅದು 50ರ ಪೆಟ್ಟಿಗೆಯಲ್ಲಿ ಇತ್ತು ಅಂದಾಗ ನನಗೆ ಬೇರೆಯೇ ಸಂಶಯ. ಹೊಳೆಯುವ ಕಾಗದ ಉಂಟಾ? ಮುಖಪುಟದ ಮೇಲೋ ಹಿಂದೆಯೋ ಬಾರ್‌ಕೋಡ್ ಉಂಟಾ?

ಬೀಚ್ ರೋಡ್ ಡೀಲ್ಸ್ | 11.03

ಬಾರ್‌ಕೋಡ್ ಉಂಟು. ಕಾಗದ ಬೆಳ್ಳಗೆ ಇದೆ.

ಗುಜರಿ ಗುರು | 11.11

ಅದು ಫ್ಯಾಕ್ಸಿಮಿಲಿ ಪ್ರತಿ. ಮಾರ್ವೆಲ್‌ನವರೇ ಹಳೆ ಸಂಚಿಕೆಗಳನ್ನು ಹಳೆ ಜಾಹೀರಾತು, ಹಳೆ ಬೆಲೆ ಸಮೇತ ಹೊಸದಾಗಿ ಅಚ್ಚು ಹಾಕುತ್ತಾರೆ. ಮೋಸ ಅಲ್ಲ, ಓದುವವರಿಗಾಗಿ ಮಾಡಿದ್ದು. ಮೊದಲ ಪುಟಗಳಲ್ಲಿ ತೀರಾ ಚಿಕ್ಕ ಅಕ್ಷರದಲ್ಲಿ ಪ್ರಕಾಶಕರ ವಿವರ ಇರುತ್ತದಲ್ಲ, ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಯಾವ ಸಂಚಿಕೆ ತಗೊಂಡರೂ ಮೊದಲು ಅದನ್ನು ಓದಬೇಕು. ಮುಖಪುಟ ಏನು ಬೇಕಾದರೂ ಹೇಳಬಹುದು.

ಮೂಲದ 181 ಕೈಗೆ ಬಂದರೂ ಕೊನೆಯ ಪುಟಗಳನ್ನು ಒಂದೊಂದಾಗಿ ತಿರುವಬೇಕು. ಆ ಕಾಲದಲ್ಲಿ ಓದುಗರ ಪತ್ರದ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲು ಒಂದು ಸ್ಟ್ಯಾಂಪ್ ಕೊಡುತ್ತಿದ್ದರು. ಮಕ್ಕಳು ಸುಮ್ನೆ ಬಿಡುತ್ತಾರಾ? ಎಷ್ಟೋ ಪ್ರತಿಯಲ್ಲಿ ಅಲ್ಲಿ ಚೌಕದ ತೂತು ಇರುತ್ತದೆ. ಆ ತೂತಿನಿಂದ ಬೆಲೆ ಪಾತಾಳಕ್ಕೆ ಇಳಿಯುತ್ತದೆ.

ಹಾಲ್‌ಟಿಕೆಟ್ | 11.15

ಬೈಕ್ ಹೋಯಿತು. ಹೆಲ್ಮೆಟ್ ಬರಬಹುದು 😄

ಬೀಚ್ ರೋಡ್ ಡೀಲ್ಸ್ | 11.22

ನಗಾಡಿ ನಗಾಡಿ. 35 ಕೊಟ್ಟದ್ದನ್ನು 150ಕ್ಕೆ ಮಾರಿದರೂ ನನಗೆ ಲಾಭವೇ. ನಿಮ್ಮ ಹಾಗೆ ಕನ್ನಡ ಅಮರ ಚಿತ್ರಕಥೆ ರಾಶಿ ಹಾಕಿಕೊಂಡು ಎಂತ ಮಾಡುವುದು? ಕೇಳುವವರೇ ಇಲ್ಲ. ಅದಕ್ಕೇ ಅವು 20ರ ಪೆಟ್ಟಿಗೆಯಲ್ಲಿ ಇರುವುದು.

ಕಾರ್ಕಳದ ಕಲ್ಲು | ಸೋಮವಾರ ಬೆಳಗ್ಗೆ 7.05

ರಾತ್ರಿ ಮಲಗಿದ್ದೆ, ಈಗ ನೋಡಿದೆ.

ಸುರತ್ಕಲ್‌ನವರೇ, ನೀವು ಹೇಳಿದ್ದು ಅರ್ಧ ಸರಿ. ಅಮೆರಿಕದ ಕಾಮಿಕ್ಸಿಗೆ ಬೆಲೆಪಟ್ಟಿ ಉಂಟು, 10ಕ್ಕೆ ಇಷ್ಟು ಅಂತ ಅಂಕ ಕೊಟ್ಟು ಗಟ್ಟಿ ಡಬ್ಬಿಯಲ್ಲಿ ಸೀಲ್ ಮಾಡುವ ಕಂಪೆನಿಗಳು ಉಂಟು. ಹಾಗಾಗಿ ಅಲ್ಲಿ ಅಗ್ಗಕ್ಕೆ ಏನಾದರೂ ಸಿಗಬೇಕಾದರೆ ಮಾರುವವನಿಗೆ ಗೊತ್ತಿರಬಾರದು. ಈಗ ಎಲ್ಲರ ಕೈಯಲ್ಲೂ ಮೊಬೈಲ್. ಗೊತ್ತಿಲ್ಲದವರು ಯಾರಿದ್ದಾರೆ? ಕನ್ನಡದ ಹಳೆ ಕಾಮಿಕ್ಸಿಗೆ ಅಂಥ ಪಟ್ಟಿಯೇ ಇಲ್ಲ. ಯಾವ ಸಂಚಿಕೆ ಯಾವಾಗ ಬಂತು, ಎಷ್ಟು ಉಳಿದಿದೆ ಅಂತ ಲೆಕ್ಕ ಇಟ್ಟವರಿಲ್ಲ. ಪಟ್ಟಿ ಇಲ್ಲದ್ದಕ್ಕೆ ಬೆಲೆಯೂ ಇಲ್ಲ, ಅದಕ್ಕೆ 20ರ ಪೆಟ್ಟಿಗೆ. ಅಪರೂಪ ಅಲ್ಲ ಅಂತ ಅಲ್ಲ.

ಯೋಚಿಸಿ ನೋಡಿ. ಎಕ್ಸ್‌ಮೆನ್ ಪ್ರತಿಗಳನ್ನು ಲಕ್ಷಗಟ್ಟಲೆ ಜನ ಪ್ಲಾಸ್ಟಿಕ್ಕಿನಲ್ಲಿ ಇಟ್ಟರು. ಇಲ್ಲಿ ಕನ್ನಡದ 'ಸಿಂಡ್ರೆಲ್ಲಾ'ವನ್ನು ಯಾರು ಇಟ್ಟರು? ಅಣ್ಣ ಓದಿ ತಂಗಿಗೆ, ತಂಗಿ ಓದಿ ಪಕ್ಕದ ಮನೆಗೆ, ಅಲ್ಲಿಂದ ರದ್ದಿಗೆ. ನಿನ್ನೆ ಒಂದು ಮಾತು ನೆನಪಿಡಿ ಅಂದೆನಲ್ಲ, ಇದಕ್ಕೇ. 1ರಿಂದ 10ರ ಒಳಗಿನ ಕನ್ನಡ ಪ್ರತಿ 20ರ ಪೆಟ್ಟಿಗೆಯಲ್ಲಿ ಕಂಡರೆ ಚೌಕಾಸಿ ಮಾಡದೆ ಎತ್ತಿಕೊಳ್ಳಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಟ ಊರು ನಮ್ಮದು. ಆ ಊರಲ್ಲೇ ಕನ್ನಡದ ಅಚ್ಚಿಗೆ ಕಿಮ್ಮತ್ತು ಇಲ್ಲ ಅಂದರೆ ಹೇಗೆ?

ಗುಜರಿ ಗುರು | 7.40

ಕೊನೆಯ ಮಾತು ಸ್ವಲ್ಪ ಭಾಷಣ ಆಯಿತು, ಬಾಕಿ ಎಲ್ಲ ಸರಿ.

ಮಳೆಗಾಲ (ಮಣಿಪಾಲ) | 8.15

ಉಡುಪಿಯವರಿಗೆ ಒಂದು ಮಾತು. ತಂದದ್ದನ್ನು ಮನೆಯ ಬೇರೆ ಪುಸ್ತಕಗಳ ಜೊತೆ ಈಗಲೇ ಸೇರಿಸಬೇಡಿ. ಲೈಬ್ರರಿಯಲ್ಲಿ ಹಳೆ ಪುಸ್ತಕ ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಗುಜರಿಯಿಂದ ಬಂದ ಪೆಟ್ಟಿಗೆಯಲ್ಲಿ ಹುಳ ಇರುತ್ತದೆ. ಬೆಳ್ಳಿ ಬಣ್ಣದ ಚುರುಕಿನ ಹುಳ ಗೊತ್ತಲ್ಲ, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ. ಅದಕ್ಕೆ ಅಂಟು ಅಂದರೆ ಪ್ರೀತಿ. ಬೈಂಡ್ ಮಾಡಿದ ಚಂದಮಾಮದ ಬೆನ್ನಿನಲ್ಲಿ ಅದಕ್ಕೆ ಹಬ್ಬ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಹಾಕಿ, ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ. ಒಂದು ದಿನ ಹಾಗೇ ಇರಲಿ, ಇಲ್ಲದಿದ್ದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ.

ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುವವರು ತುಂಬಾ ಜನ. ಅದರಿಂದ ಬೂಷ್ಟು ಕಾಗದದ ಒಳಗೇ ಇಳಿಯುತ್ತದೆ. ಮೊದಲು ಚೆನ್ನಾಗಿ ಒಣಗಬೇಕು, ಗಾಳಿಯಲ್ಲಿ, ನೇರ ಬಿಸಿಲಿನಲ್ಲಿ ಅಲ್ಲ. ಆಮೇಲೆ ಮನೆಯ ಹೊರಗೆ ಕೂತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಬ್ರಶ್ಶಿನಲ್ಲಿ ಕೊಡವಿ.

ಪಿನ್ನು ತುಕ್ಕು ಹಿಡಿದಿದ್ದರೆ ನಿಧಾನಕ್ಕೆ ಬಿಡಿಸಿ, ಅದೇ ತೂತಿನಲ್ಲಿ ಹತ್ತಿಯ ದಾರ ಹಾಕಿ ಹೊಲಿಯಿರಿ. ನಮ್ಮ ಕಡಲ ಗಾಳಿಗೆ ಪಿನ್ನು ಉಳಿಯುವುದಿಲ್ಲ, ಮತ್ತೆ ಪಿನ್ನು ಹೊಡೆದರೆ ಮತ್ತೆ ತುಕ್ಕು. ಸೆಲ್ಲೋ ಟೇಪು ಮಾತ್ರ ಹಚ್ಚಬೇಡಿ. ಅದರ ಅಂಟು ಕಂದು ಬಣ್ಣವಾಗಿ ಚಿತ್ರದ ಒಳಗೆ ಇಳಿದುಬಿಟ್ಟರೆ ತೆಗೆಯಲು ಆಗುವುದಿಲ್ಲ. ಈಗಾಗಲೇ ಇರುವ ಟೇಪನ್ನು ಎಳೆಯಲು ಹೋಗಬೇಡಿ, ಕಾಗದವೇ ಕಿತ್ತು ಬರುತ್ತದೆ.

ಹಾಲ್‌ಟಿಕೆಟ್ | 8.22

ಅಕ್ಕ, ನುಸಿಗುಳಿಗೆ ಹಾಕಿದರೆ ಸಾಕಾಗುವುದಿಲ್ವಾ? ಅಮ್ಮ ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ.

ಮಳೆಗಾಲ | 8.34

ಸೀರೆಗೆ ಹಾಕಲಿ, ಪುಸ್ತಕಕ್ಕೆ ಬೇಡ. ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಉಸಿರಿಗೂ ಒಳ್ಳೆಯದಲ್ಲ. ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ನಮ್ಮ ಶತ್ರು ತೇವ. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬೀಳುವ ಕಡೆ ಇದ್ದೇವೆ ಅನ್ನುವುದನ್ನು ಮರೆಯಬಾರದು. ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಬಗೆಯದ್ದು ತಗೊಂಡರೆ ಯಾವಾಗ ಒಣಗಿಸಬೇಕು ಅಂತ ಗೊತ್ತಾಗುತ್ತದೆ. ಡಬ್ಬಿಯನ್ನು ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೂ ಬೇಡ.

ಕವರ್ ಹಾಕುವುದಾದರೆ ಪಾಲಿಪ್ರೊಪಿಲೀನ್ ಕವರ್. ಹೊಸ ರೈನ್‌ಕೋಟಿನ ವಾಸನೆ ಬರುವ ಮೆತ್ತನೆಯ ಪಿವಿಸಿ ಕವರ್ ಬೇಡ, ಅದು ಅಚ್ಚಿನ ಮಸಿಗೆ ಅಂಟುತ್ತದೆ. ಮಳೆಗಾಲದಲ್ಲಿ ಬಾಯಿ ಪೂರ್ತಿ ಮುಚ್ಚಿ ಇಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿಸಿ, ಆಮೇಲೆ ಮುಚ್ಚಿ.

ಕಾಗದ ಹಳದಿಯಾಗುವುದನ್ನು ನಿಲ್ಲಿಸಲು ಆಗುವುದಿಲ್ಲ. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳಕಿಗೆ, ಗಾಳಿಗೆ ಅದು ಬಣ್ಣ ತಿರುಗುತ್ತದೆ, ಕಾಗದ ಹಪ್ಪಳವಾಗುತ್ತದೆ. ಕತ್ತಲಲ್ಲಿ ಇಟ್ಟರೆ ನಿಧಾನ ಆಗುತ್ತದೆ, ಅಷ್ಟೇ.

ಮುಲ್ಕಿ ಮಾಮ | 9.50

ಚಂದಮಾಮ ಬೈಂಡ್ ಮಾಡಿದ್ದು ಯಾವ ವರ್ಷದ್ದು? ಯಾರೂ ಅದರ ಬಗ್ಗೆ ಕೇಳಲೇ ಇಲ್ಲವಲ್ಲ.

ಅಟ್ಟದ ಪೆಟ್ಟಿಗೆ | 10.20

ಬೈಂಡ್ ಮಾಡಿದವರು ಮುಖಪುಟಗಳನ್ನು ತೆಗೆದಿದ್ದಾರೆ ಮಾಮ, ವರ್ಷ ಹೇಳುವುದು ಕಷ್ಟ. ಒಳಗೆ ಬೇತಾಳನ ಕಥೆ ಪ್ರತಿ ತಿಂಗಳೂ ಇದೆ. ರಾಜ ಕತ್ತಿ ಹಿಡಿದು ಹೆಣ ಹೊತ್ತುಕೊಂಡು ಹೋಗುವ ಚಿತ್ರ ಇದೆ. ಅಂಚು ಕತ್ತರಿಸಿದ್ದಾರೆ, ಕೆಲವು ಕಡೆ ಸಾಲಿನ ಕೊನೆಯ ಅಕ್ಷರವೂ ಹೋಗಿದೆ. ಬೈಂಡ್ ಆದದ್ದಕ್ಕೆ ಬೆಲೆ ಇಲ್ಲ ಅಂತ ಅಲ್ಲಿಯೇ ಒಬ್ಬರು ಹೇಳಿದರು.

ಮುಲ್ಕಿ ಮಾಮ | 10.52

ಬೆಲೆ ಇಲ್ಲ ಅನ್ನುವವರಿಗೆ ಹೇಳಿ, ಬೈಂಡ್ ಮಾಡಿದ್ದರಿಂದಲೇ ಅದು ಉಳಿದದ್ದು. ಬಿಡಿ ಸಂಚಿಕೆಗಳು ಎಲ್ಲಿ ಹೋದವು? ಮೀನು ಕಟ್ಟಲು ಹೋದವು, ಶಾಲೆ ಪುಸ್ತಕಕ್ಕೆ ಬೈಂಡು ಹಾಕಲು ಹೋದವು. ವರ್ಷದ ಕೊನೆಗೆ ಹನ್ನೆರಡು ಸಂಚಿಕೆ ಕಟ್ಟಿ, ಬೈಂಡಿಂಗಿನವರ ಹತ್ತಿರ ಕೊಟ್ಟು, ಬೆನ್ನಿನ ಮೇಲೆ ಮನೆ ಯಜಮಾನರ ಹೆಸರು ಹಾಕಿಸಿದ್ದು ಮಾತ್ರ ಮೊಮ್ಮಕ್ಕಳ ಕಾಲಕ್ಕೆ ಮುಟ್ಟಿತು.

ಆ ಬೇತಾಳನ ಚಿತ್ರ ಶಂಕರ್ ಅವರದ್ದು. 2020ರಲ್ಲಿ ತೀರಿಕೊಂಡರು. ನಿಮ್ಮ ಸಂಪುಟದಲ್ಲಿ ಮುಖಪುಟ ಹೋದದ್ದಕ್ಕೆ ನನಗೆ ಬೇಸರ ಬೇರೆ ಕಾರಣಕ್ಕೆ. ನಮ್ಮ ಎಂ.ಟಿ.ವಿ. ಆಚಾರ್ಯರು ಚಂದಮಾಮಕ್ಕೆ ಬರೆದ ಮಹಾಭಾರತದ ಮುಖಪುಟಗಳನ್ನು ನೋಡಿದವರಿಗೆ ಅದು ಗೊತ್ತು. ಅವರ ಭೀಷ್ಮ, ಅವರ ಕರ್ಣ, ಈಗಿನ ಟಿವಿಯಲ್ಲಿ ಬರುವ ಯಾರೂ ಅದರ ಹತ್ತಿರ ಬರುವುದಿಲ್ಲ.

ಹಾಲ್‌ಟಿಕೆಟ್ | 11.05

ಆ ಮುಖಪುಟಗಳು ಎಲ್ಲಿ ಹೋದವು ಅಂತ ನನಗೆ ಗೊತ್ತು. ಬಾಗಿಲ ಹತ್ತಿರದ ಒಂದು ಸ್ಟಾಲ್‌ನಲ್ಲಿ ಹಳೆ ಪತ್ರಿಕೆಗಳ ಮುಖಪುಟ ಕತ್ತರಿಸಿ, ಫ್ರೇಮ್ ಹಾಕಿ, ಒಂದಕ್ಕೆ 900 ಅಂತ ಮಾರುತ್ತಿದ್ದರು. ಕೆಫೆಯವರು ಗೋಡೆಗೆ ಹಾಕಲು ತಗೊಂಡು ಹೋಗುತ್ತಾರಂತೆ. ಉಳಿದ ಪುಟಗಳು ಎಲ್ಲಿ ಅಂತ ಕೇಳಿದೆ. "ಅದು ಹರಿದದ್ದು, ಬಿಸಾಡಿದೆವು" ಅಂದರು.

ಕಾರ್ಕಳದ ಕಲ್ಲು | 11.09

ಓದಿ ಹೊಟ್ಟೆ ಉರಿಯಿತು.

ಬೀಚ್ ರೋಡ್ ಡೀಲ್ಸ್ | 11.30

ಇದರಲ್ಲಿ ಮಾತ್ರ ನಾನು ನಿಮ್ಮ ಕಡೆ. ನಾನು ಮಾರುವವನೇ, ಆದರೆ ಪೂರ್ತಿ ಪುಸ್ತಕ ಮಾರುತ್ತೇನೆ. ಆದರೆ ಕಾರ್ಕಳದವರೇ, ಇದಕ್ಕೂ ನಿಮ್ಮ ಲೆಕ್ಕವೇ ಕಾರಣ ನೋಡಿ. ಪೂರ್ತಿ ಸಂಚಿಕೆಗೆ 20 ರೂಪಾಯಿ, ಮುಖಪುಟಕ್ಕೆ 900 ಅಂದರೆ ಕತ್ತರಿ ಹಿಡಿಯುವವರು ಹುಟ್ಟುತ್ತಾರೆ. ನೀವೆಲ್ಲ 20ಕ್ಕೆ ಸಿಕ್ಕಿತು ಅಂತ ಖುಷಿ ಪಡುವ ಬದಲು 200 ಕೊಟ್ಟು ತಗೊಳ್ಳಿ. ಆಗ ಯಾರೂ ಕತ್ತರಿಸುವುದಿಲ್ಲ.

ಗುಜರಿ ಗುರು | 11.48

ಇವರು ಹೇಳಿದ್ದರಲ್ಲಿ ಸತ್ಯ ಉಂಟು, ಒಪ್ಪಲು ಕಷ್ಟ ಆದರೂ.

ಆದರೆ 200 ಅಂತ ಆದ ದಿನ ಹಾಲ್‌ಟಿಕೆಟ್ ತರಹದ ಹುಡುಗರು ಆ ಪೆಟ್ಟಿಗೆಯ ಹತ್ತಿರ ಬರುವುದಿಲ್ಲ. ಈಗ ಕನ್ನಡದ ಹಳೆ ಕಾಮಿಕ್ಸ್ ಹೊಸಬರ ಕೈಗೆ ಬರುವ ದಾರಿ ಅದೊಂದೇ. ನನಗೆ ಕೇಳಿದರೆ ಪೆಟ್ಟಿಗೆ 20ರಲ್ಲೇ ಇರಲಿ, ಲೆಕ್ಕ ಮಾತ್ರ ಶುರುವಾಗಲಿ. ನಮ್ಮಲ್ಲಿ ಯಾರ ಹತ್ತಿರ ಯಾವ ಕನ್ನಡ ಸಂಚಿಕೆ ಉಂಟು, ಮುಖಪುಟದ ಬೆಲೆ ಎಷ್ಟು, ಪ್ರಕಾಶಕರು ಯಾರು, ಇಷ್ಟು ಬರೆದು ಇಡಲು ಏನು ಕಷ್ಟ? ಅಮರ ಚಿತ್ರಕಥೆ, ಇಂದ್ರಜಾಲ, ಆಮೇಲೆ ಮಕ್ಕಳ ಪತ್ರಿಕೆಗಳಾದ ಬಾಲಮಂಗಳ, ತುಂತುರು ಎಲ್ಲ ಸೇರಿಸಿ. ಬಾಲಮಂಗಳವನ್ನಂತೂ ಅದರಲ್ಲಿ ಬರುತ್ತಿದ್ದ ಡಿಂಗನಿಗಾಗಿ ಕಾದು ತಗೊಂಡವರು ನಮ್ಮ ಕರಾವಳಿಯಲ್ಲಿ ಎಷ್ಟು ಜನ! ಈಗ ಒಂದು ಪೂರ್ತಿ ಸಂಚಿಕೆ ತೋರಿಸಿ ಅಂದರೆ ಯಾರ ಹತ್ತಿರವೂ ಇಲ್ಲ.

ಮಳೆಗಾಲ | 12.15

ಒಂದು ಶೀಟ್ ಮಾಡಿ ಹಂಚುತ್ತೇನೆ. ಮುಖಪುಟದ ಮತ್ತು ಪ್ರಕಾಶಕರ ವಿವರ ಇರುವ ಪುಟದ ಫೋಟೋ ಎರಡೂ ಬೇಕು. ಬೆಳಕು ಕಿಟಕಿಯದ್ದು ಇರಲಿ, ಫ್ಲ್ಯಾಶ್ ಬೇಡ. ಅಚ್ಚಾದ ವರ್ಷ ಪುಸ್ತಕದಲ್ಲಿ ಇಲ್ಲದಿದ್ದರೆ ಅಂದಾಜು ಬರೆಯಬೇಡಿ, ಖಾಲಿ ಬಿಡಿ.

ಹಾಲ್‌ಟಿಕೆಟ್ | 12.31

ಮುಂದಿನ ಸಲಕ್ಕೆ ಒಂದು ಕೇಳುತ್ತೇನೆ. ಚೌಕಾಸಿ ಮಾಡುವುದು ಹೇಗೆ? ನಾನು ಕೇಳಿದರೆ ಯಾರೂ ಕಡಿಮೆ ಮಾಡುವುದಿಲ್ಲ.

ಗುಜರಿ ಗುರು | 12.50

ಒಂದೊಂದನ್ನೇ ಎತ್ತಿ ಕೇಳಬೇಡ. ಬೇಕಾದದ್ದನ್ನೆಲ್ಲ ಒಟ್ಟು ಮಾಡಿ, ಒಂದೇ ರೇಟು ಕೇಳು. ಭಾನುವಾರ ಸಂಜೆ ನಾಲ್ಕರ ಮೇಲೆ ಹೋಗು. ಬೆಂಗಳೂರಿನಿಂದ ಬಂದವರು ರಾತ್ರಿ ಬಸ್ಸಿಗೆ ಹೊರಡಬೇಕು, ಪೆಟ್ಟಿಗೆ ವಾಪಸ್ ಹೊರುವುದು ಯಾರಿಗೂ ಇಷ್ಟ ಇಲ್ಲ. ಆದರೆ ನಿಜವಾಗಿ ಬೇಕಾದದ್ದನ್ನು ಸಂಜೆಗೆ ಬಿಡಬೇಡ, ಬೆಳಗ್ಗೆಯೇ ತಗೋ. ಚಿಲ್ಲರೆ ಇಟ್ಟುಕೋ. 20 ರೂಪಾಯಿಯ ಪುಸ್ತಕಕ್ಕೆ 500ರ ನೋಟು ಕೊಟ್ಟರೆ ಅವರು ಯಾಕೆ ಕಡಿಮೆ ಮಾಡುತ್ತಾರೆ? ಪುಸ್ತಕ ಕಂಡು ಕಣ್ಣು ಅರಳಿಸಬೇಡ. ಉಡುಪಿಯವರು ಹೇಳಿದರಲ್ಲ, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ ಅಂತ. ಅರ್ಧ ಚೌಕಾಸಿ ಅದೇ.

ಹರಿದದ್ದನ್ನು ತೋರಿಸಿ ಕಡಿಮೆ ಕೇಳು, ಆದರೆ ಅವರ ಮಾಲನ್ನು ಹೀಯಾಳಿಸಬೇಡ. ಅವರೂ ಬಿಸಿಲಲ್ಲಿ ಹೊತ್ತು ತಂದಿರುತ್ತಾರೆ.

ಕಾರ್ಕಳದ ಕಲ್ಲು | ಮಧ್ಯಾಹ್ನ 1.20

ನನ್ನ ಲೆಕ್ಕ ಹೇಳಲೇ ಇಲ್ಲ. ಅಮರ ಚಿತ್ರಕಥೆಯ ಮಹಾಭಾರತದ ಬಿಡಿ ಸಂಚಿಕೆಗಳು, ತಲಾ 20. ಪೂರ್ತಿ 42 ಸಂಚಿಕೆಗಳ ಮಾಲೆ ಅದು. ಈಗ ಮೂರು ದಪ್ಪ ಸಂಪುಟವಾಗಿ ಸಿಗುತ್ತದೆ ಅಂತ ಗೊತ್ತು, ಆದರೆ ನನಗೆ ಬಿಡಿಯೇ ಬೇಕು. ದಿಲೀಪ್ ಕದಮ್ ಅವರ ಯುದ್ಧದ ಚಿತ್ರಗಳನ್ನು ಆ ಒರಟು ಕಾಗದದಲ್ಲೇ ನೋಡಬೇಕು. ಇನ್ನು 17 ಮತ್ತು 31 ಬಾಕಿ. ಯಾರ ಹತ್ತಿರ ಆದರೂ ಡಬಲ್ ಉಂಟಾ?

ಬೀಚ್ ರೋಡ್ ಡೀಲ್ಸ್ | 1.26

31 ಉಂಟು. ಮೂಲೆ ಇಲಿ ತಿಂದಿದೆ, ಓದಲು ತೊಂದರೆ ಇಲ್ಲ.

ಕಾರ್ಕಳದ ಕಲ್ಲು | 1.28

ಎಷ್ಟು?

ಬೀಚ್ ರೋಡ್ ಡೀಲ್ಸ್ | 1.33

ದುಡ್ಡು ಬೇಡ. ನಿಮ್ಮ ಹತ್ತಿರ ಟಿಂಕಲ್ ಹಳೆಯದು ಉಂಟು ಅಂತ ಹಿಂದೊಮ್ಮೆ ಹೇಳಿದ್ದಿರಿ. ನೂರರ ಒಳಗಿನ ಸಂಖ್ಯೆ ಯಾವುದಾದರೂ ಒಂದು ಕೊಡಿ. ಮುಖಪುಟ ಇರಬೇಕು. ಮಾರಲು ಅಲ್ಲ, ಮಗಳಿಗೆ ಶಿಕಾರಿ ಶಂಭು ಬೇಕಂತೆ.

ಕಾರ್ಕಳದ ಕಲ್ಲು | 1.40

ಶಿಕಾರಿ ಶಂಭು ಶುರುವಾದದ್ದು 1983ರಲ್ಲಿ. ತೀರಾ ಹಳೆ ಸಂಚಿಕೆ ಕೊಟ್ಟರೆ ಅವನು ಇರುವುದಿಲ್ಲ. ನೋಡಿ, ಇರುವುದನ್ನೇ ಆರಿಸಿ ತರುತ್ತೇನೆ. ಬುಧವಾರ ಸಂಜೆ ಮಂಗಳೂರಿಗೆ ಬರುವುದುಂಟು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ, ಆರು ಗಂಟೆಗೆ ಆಗಬಹುದಾ?

ಬೀಚ್ ರೋಡ್ ಡೀಲ್ಸ್ | 1.42

ಆರೂವರೆ ಮಾಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನಿ, ಮಳೆ ಬರುವ ಹಾಗೆ ಉಂಟು.